ಮಡಿ ಸಾಹೇಬರ ಎಣ್ಣೆ ಮಷೀನು

ಮೊನ್ನೆ ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಎದುರು ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದ ಗ್ಯಾರೇಜಿನಲ್ಲಿ ಮಣ್ಣು ಅಗೆಯುವ ಹಳದಿ ಯಂತ್ರವೊಂದು ಕೈ ಮೇಲೆತ್ತಿಕೊಂಡು ಗುರುಗುಡುತ್ತಿತ್ತು. ಬಿಸಿಯಾದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ತಿರುಗಿ ನೋಡಿದರೆ ಒಬ್ಬ ಮೆಕ್ಯಾನಿಕ್, ಮೀಸೆ ಹೊತ್ತ ಗಟ್ಟಿ ಆಳು, ಯಂತ್ರ ನಡೆಯುತ್ತಿರುವಾಗಲೇ ಕರಿ ಪೈಪಿನ ಗುಂಟ ಬೆರಳು ಆಡಿಸಿ ಎಲ್ಲಿ ಸೋರುತ್ತದೆ ಎಂದು ಹುಡುಕುತ್ತಿದ್ದ. ಈ ವಯಸ್ಸಿನಲ್ಲಿ ನನ್ನ ಗಂಟಲಲ್ಲಿ ಅಷ್ಟು ದೊಡ್ಡ ಕೂಗು ಇನ್ನೂ ಉಳಿದಿದೆ ಎಂದು ನನಗೇ ಗೊತ್ತಿರಲಿಲ್ಲ.

"ಏ ತಮ್ಮಾ! ಕೈ ತಗಿ! ಮೊದಲ ಮಷೀನ್ ಬಂದ್ ಮಾಡು!"

ಅವನು ಬೆಚ್ಚಿಬಿದ್ದು ಕೈ ಹಿಂದಕ್ಕೆಳೆದುಕೊಂಡ. ಚಹಾದಂಗಡಿಯಲ್ಲಿ ಕುಂತವರೆಲ್ಲ ನಗತೊಡಗಿದರು.

"ಎಣ್ಣಿ ಐತಿ ಆಯಿ, ಹಾವಲ್ಲ" ಎಂದ.

"ಹಾವಾಗಿದ್ರ ಚಲೋ ಇತ್ತಪಾ. ಕಡದದ್ದರ ಗೊತ್ತಾಗ್ತಿತ್ತು."

ಅವನು ಯಂತ್ರ ನಿಲ್ಲಿಸಿದ. ಎಣ್ಣೆಗೆ ಹೆದರಿ ನಿಲ್ಲಿಸಿದನೋ ನನ್ನ ಬಾಯಿಗೆ ಹೆದರಿ ನಿಲ್ಲಿಸಿದನೋ ಆ ಶಿವನೇ ಬಲ್ಲ. ನನ್ನ ಬಸ್ಸು ಬಂತು, ಹತ್ತಿ ಕುಂತೆ. ಆದರೆ ಆ ವಾಸನೆ ನನ್ನ ಸಂಗಡವೇ ಹತ್ತಿ ಕುಂತಿತು, ಮಗಳ ಊರು ಮುಟ್ಟುವವರೆಗೂ ಇಳಿಯಲಿಲ್ಲ.

ಐವತ್ತರ ದಶಕದ ಒಂದು ಮಳೆಗಾಲ. ನಾನು ಮದುವೆಯಾಗಿ ಗಜೇಂದ್ರಗಡಕ್ಕೆ ಬಂದು, ಒಂದು ಹೆಣ್ಣು ಕೂಸಿನ ತಾಯಿಯಾಗಿದ್ದೆ. ನಮ್ಮದು ನೇಕಾರರ ಮನೆ. ನಮ್ಮ ಮನೆಯವರು, ಹೆಸರು ವೀರಣ್ಣ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಂತು ನೇಯುವ ಕುಣಿ ಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಗಂಡನನ್ನು ಹೊಗಳುವ ಚಟ ನನಗಿಲ್ಲ, ಆದರೆ ಖರೇ ಮಾತು ಹೇಳಲೇಬೇಕು: ನಮ್ಮ ಓಣಿಯಲ್ಲಿ ಅವರಂಥ ಬೆರಳು ಯಾರಿಗೂ ಇರಲಿಲ್ಲ. ಹಾಸಿನಲ್ಲಿ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲಿನಲ್ಲಿ, ಒಂದು ಎಳೆ ಹರಿದರೆ ಉಳಿದವರು ಕಣ್ಣು ಕಿರಿದು ಮಾಡಿಕೊಂಡು ಹುಡುಕುತ್ತಿದ್ದರು. ಇವರು ಎಲ್ಲೋ ನೋಡುತ್ತ, ಯಾರ ಜೊತೆಗೋ ಮಾತಾಡುತ್ತ ಎಡಗೈಯ ತೋರುಬೆರಳನ್ನು ಹಾಸಿನ ಮೇಲೆ ಆಡಿಸುತ್ತಿದ್ದರು. ಬೆರಳು ತಾನೇ ಹೋಗಿ ಹರಿದಲ್ಲಿ ನಿಲ್ಲುತ್ತಿತ್ತು. "ಸಿಕ್ತು" ಎನ್ನುತ್ತಿದ್ದರು. ಆ ಹಾಸನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ನಾನು ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತಿ ಕೊಡುವುದಷ್ಟೇ, ಮಗ್ಗದ ಹತ್ತಿರ ಹೋದರೆ ಹುಬ್ಬು ಗಂಟಿಕ್ಕುತ್ತಿದ್ದರು.

ಆ ವರ್ಷ ನೂಲು ಸರಿಯಾಗಿ ಬರಲಿಲ್ಲ. ಓಣಿಯಲ್ಲಿ ಲಾಳಿಯ ಸಪ್ಪಳ ಒಂದೊಂದಾಗಿ ನಿಂತಿತು. ಅದೇ ಹೊತ್ತಿಗೆ ರೋಣದ ದಾರಿಯಲ್ಲಿ ಹಳ್ಳಕ್ಕೆ ಸೇತುವೆ ಕಟ್ಟುವ ಕೆಲಸ ಶುರುವಾಗಿತ್ತು. ನೂಲು ಬರುವವರೆಗೆ ಅಲ್ಲಿ ದುಡಿದರಾಯಿತು ಎಂದು ಅತ್ತೆಯನ್ನೂ ಕೂಸನ್ನೂ ಕರೆದುಕೊಂಡು ಕ್ಯಾಂಪಿಗೆ ಹೋದೆವು. ಹಳ್ಳದ ದಂಡೆಯಲ್ಲಿ ತಗಡಿನ ಗುಡಿಸಲುಗಳ ಸಾಲು. ಕೆಲಸಗಾರರಲ್ಲಿ ಬಹಳ ಮಂದಿ ಲಕ್ಕಲಕಟ್ಟಿಯ ಕಡೆಯವರು, ಬಿತ್ತಿಗೆ ಮುಗಿಸಿ ಬಂದ ಒಕ್ಕಲುಮಕ್ಕಳು. ನೇಕಾರರೆಂದರೆ ನಾವಿಬ್ಬರೇ.

ಕ್ಯಾಂಪಿನ ಹಿರಿಯರು ನಾಡಿಗೇರ ಓವರ್ಸಿಯರ್ ಸಾಹೇಬರು. ಧಾರವಾಡದ ಕಡೆಯ ಬ್ರಾಹ್ಮಣರು, ಒಂಟಿಯಾಗಿ ಬಂದಿದ್ದರು, ತಾವೇ ಅಡುಗೆ ಮಾಡಿಕೊಂಡು ಉಣ್ಣುತ್ತಿದ್ದರು. ನಾನು ನಾಲ್ಕನೆಯ ಇಯತ್ತೆ ಕಲಿತವಳು, ಅಂಕಿ ಬರೆಯಬಲ್ಲೆ ಎಂದು ತಿಳಿದದ್ದೇ ನನ್ನನ್ನು ಬುಟ್ಟಿ ಹೊರುವ ಕೆಲಸದಿಂದ ಬಿಡಿಸಿ ಟೆಸ್ಟಿಂಗ್ ಶೆಡ್ಡಿಗೆ ಹಾಕಿದರು. ನಮ್ಮ ಮನೆಯವರ ಕೈ ಹಗುರ ಎಂದು ನೋಡಿ ಅವರನ್ನೂ ಅಲ್ಲಿಗೇ ಕರೆದುಕೊಂಡರು.

ಶೆಡ್ಡಿನ ಕೆಲಸ ಇಷ್ಟು. ಕಾಂಕ್ರೀಟು ಕಲಸಿದಾಗಲೆಲ್ಲ ಅದರಲ್ಲೊಂದಿಷ್ಟು ತೆಗೆದು ಕಬ್ಬಿಣದ ಅಚ್ಚಿಗೆ ತುಂಬುವುದು. ಸಾಹೇಬರು ಅದಕ್ಕೆ ಕ್ಯೂಬ್ ಎನ್ನುತ್ತಿದ್ದರು, ನಾವು ಹೆಣ್ಣುಮಕ್ಕಳು ಬೆಲ್ಲದ ಪೆಂಟಿ ಎನ್ನುತ್ತಿದ್ದೆವು. ಪೆಂಟಿಗೆ ಬಣ್ಣದಿಂದ ತಾರೀಖು ಬರೆದು ನೀರಿನ ತೊಟ್ಟಿಯಲ್ಲಿ ಮುಳುಗಿಸಿಡುವುದು ನನ್ನ ಪಾಲಿನದು. ಗಟ್ಟಿಯಾದ ಮೇಲೆ ಅದನ್ನು ಮಷೀನಿಗೆ ಇಟ್ಟು ಒಡೆಯುವುದು ನಮ್ಮವರ ಪಾಲಿನದು. ಇಷ್ಟು ಚೆಂದ ಮಾಡಿ, ನೀರುಣಿಸಿ, ಕೂಸಿನ ಹಾಗೆ ಜೋಪಾನ ಮಾಡಿ ಕಡೆಗೆ ಒಡೆದು ಹಾಕುವುದೇ ಎಂದು ನನಗೆ ಮೊದಮೊದಲು ಹೊಟ್ಟೆ ಉರಿಯುತ್ತಿತ್ತು. ಕೇಳಿಯೂ ಬಿಟ್ಟೆ. "ಪೂಲಿನ ಮ್ಯಾಲ ನಾಳೆ ಮಂದಿ ತುಂಬಿದ ಬಸ್ ಬರ್ತದ, ತಂಗಿ" ಎಂದರು ಸಾಹೇಬರು. "ಅದು ಒಡಿಯೋಕಿಂತ ಇದು ಒಡದದ್ದ ಚಲೋ."

ಮಷೀನು ಎಂದರೆ ಎರಡು ಉಕ್ಕಿನ ಹಲಗೆ, ನಡುವೆ ಪೆಂಟಿ, ಮುಂದೆ ಕಬ್ಬಿಣದ ಜಾಳಿಗೆಯ ಬಾಗಿಲು. ಪಕ್ಕದಲ್ಲೊಂದು ಉದ್ದನೆಯ ಹಿಡಿಕೆ. ಹಿಡಿಕೆಯನ್ನು ಮೇಲೆ ಕೆಳಗೆ ಒತ್ತಿದಂತೆಲ್ಲ ಬೆರಳು ದಪ್ಪದ ಪೈಪಿನಲ್ಲಿ ಎಣ್ಣೆ ನುಗ್ಗಿ ಕೆಳಗಿನ ಹಲಗೆಯನ್ನು ಮೇಲಕ್ಕೆ ದೂಡುತ್ತಿತ್ತು. ಗಡಿಯಾರದಂಥ ಮುಖದಲ್ಲಿ ಮುಳ್ಳು ಏರುತ್ತಿತ್ತು. ಏರಿ ಏರಿ, ಇನ್ನೇನು ಆಗಲಾರದು ಎನ್ನುವಾಗ ಫಟ್ಟನೆ ಪೆಂಟಿ ಒಡೆದು ಚೂರುಗಳು ಜಾಳಿಗೆಗೆ ಬಡಿಯುತ್ತಿದ್ದವು. ಒಬ್ಬ ಮನುಷ್ಯ ಒಂದೇ ಕೈಯಲ್ಲಿ ಎಣ್ಣೆ ಒತ್ತಿ ಬಂಡೆಯಂಥದ್ದನ್ನು ಪುಡಿ ಮಾಡುವುದು ನೋಡಲು ಲಕ್ಕಲಕಟ್ಟಿಯವರು ಊಟದ ಬಿಡುವಿನಲ್ಲಿ ಬುತ್ತಿ ಹಿಡಿದುಕೊಂಡೇ ಬಂದು ನಿಲ್ಲುತ್ತಿದ್ದರು.

ಅದಕ್ಕೇ ಸಾಹೇಬರು ಒಂದು ಪದ್ಧತಿ ಮಾಡಿದ್ದರು. ಹಿಡಿಕೆಗೆ ಕೈ ಹಾಕುವ ಮೊದಲು ನಮ್ಮವರು ಗಟ್ಟಿಯಾಗಿ ಕೇಳಬೇಕು, ನಾನು ಗಟ್ಟಿಯಾಗಿ ಹೇಳಬೇಕು.

"ಜಾಳಗಿ?"

"ಹಾಕೇತಿ!"

"ಕೈ?"

"ಹೊರಗ!"

"ಮಂದಿ?"

"ದೂರ!"

ಒಡೆದ ಮೇಲೆ ಎಣ್ಣೆ ಹಿಂದಕ್ಕೆ ಬಿಡಬೇಕು, ಮುಳ್ಳು ಸೊನ್ನೆಗೆ ಬರಬೇಕು, ಆಮೇಲೆಯೇ ಬಾಗಿಲು ತೆರೆಯಬೇಕು. ಇದೆಲ್ಲ ನಮಗೆ ಆಟದಂತೆ ರೂಢಿಯಾಯಿತು. ರಾತ್ರಿ ರೊಟ್ಟಿಗೆ ಕುಂತಾಗಲೂ ನಮ್ಮವರು "ಚಟ್ನಿ?" ಎಂದರೆ ನಾನು "ಹಾಕೇತಿ!" ಎನ್ನುತ್ತಿದ್ದೆ. ಅತ್ತೆ ಗಲ್ಲಕ್ಕೆ ಕೈ ಇಟ್ಟು ನಮ್ಮಿಬ್ಬರನ್ನೂ ನೋಡುತ್ತಿದ್ದರು.

ಆದರೆ ಸಾಹೇಬರ ಒಂದು ಮಾತು ಮಾತ್ರ ಯಾರ ತಲೆಗೂ ಹೋಗಲಿಲ್ಲ. ಕಾರಣ ಅವರ ಮಡಿ. ಏನು ಮಡಿ ಅಂತೀರಿ! ಒಣಗಹಾಕಿದ ಧೋತರ ಮುಟ್ಟಬ್ಯಾಡ್ರಿ. ನೀರಿನ ಕೊಡ ಮುಟ್ಟಬ್ಯಾಡ್ರಿ. ಒಲಿ ಕಡೆ ಹಾಯಬ್ಯಾಡ್ರಿ. ಬೆಳಗಾದರೆ ಮುಟ್ಟಬ್ಯಾಡ್ರಿ, ಬೈಗಾದರೆ ಮುಟ್ಟಬ್ಯಾಡ್ರಿ. ಮಡಿ ಸಾಹೇಬರು ಎಂದೇ ನಾವು ಹೆಸರಿಟ್ಟಿದ್ದೆವು. ಅದೇ ದನಿಯಲ್ಲಿ, ಅದೇ ಸಿಡುಕಿನಲ್ಲಿ ಅವರು ಇದನ್ನೂ ಹೇಳುತ್ತಿದ್ದರು: "ಎಣ್ಣಿ ಸೋರಿದ್ರ ಪೈಪ್ ಮುಟ್ಟಬ್ಯಾಡ್ರಿ. ಮೊದಲ ಒತ್ತಡ ಬಿಡ್ರಿ. ಹುಡುಕೋದ ಇದ್ರ ಕಾಗದ ಹಿಡೀರಿ, ಕೈ ಹಚ್ಚಬ್ಯಾಡ್ರಿ."

ಕಾಗದ ಹಿಡಿಯಬೇಕಂತೆ! ಮುಟ್ಟದೆ ಎಲೆಯ ಮೇಲಿಂದಲೋ ಕಾಗದದ ಮೇಲಿಂದಲೋ ವಸ್ತು ತೆಗೆದುಕೊಳ್ಳುವುದು ಮಡಿಯವರ ರೀತಿಯೇ ಅಲ್ಲವೇ? "ಯವ್ವಾ, ಎಣ್ಣಿಗೂ ಮಡಿ ಬಂತಲ್ಲವ್ವಾ" ಎಂದು ತೊಟ್ಟಿಯ ಹತ್ತಿರ ನಾವು ಹೆಣ್ಣುಮಕ್ಕಳು ಬಿದ್ದು ಬಿದ್ದು ನಕ್ಕಿದ್ದೆವು. ಕೊಡ, ಧೋತರ, ಒಲೆ, ಪೈಪು ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿ ಬದಿಗಿಟ್ಟೆವು. ಎಣ್ಣೆ ಮನುಷ್ಯರಿಗೆ ಏನು ಮಾಡೀತು? ಹುಟ್ಟಿದ ಕೂಸಿಗೆ ತಿಕ್ಕುವುದು ಎಣ್ಣೆ, ಉಳುಕಿದ ಕಾಲಿಗೆ ತಿಕ್ಕುವುದು ಎಣ್ಣೆ.

ಹುಬ್ಬಿ ಮಳೆ ಹಿಡಿಯಿತು. ಎರೆಮಣ್ಣು ಕಾಲಿಗೆ ಮೆತ್ತಿ ಮೆತ್ತಿ, ಶೆಡ್ಡಿನಿಂದ ಗುಡಿಸಲಿಗೆ ಹೋಗುವುದರಲ್ಲಿ ಎರಡೂ ಕಾಲಿಗೆ ಒಂದೊಂದು ಕಲ್ಲು ಕಟ್ಟಿದಂತಾಗುತ್ತಿತ್ತು. ಅಂಥ ಒಂದು ಮುಂಜಾನೆ ಸೇತುವೆಯ ಮೊದಲ ಕಂಬದ ಪೆಂಟಿಗಳನ್ನು ಒಡೆಯುವುದಿತ್ತು. ಹಳ್ಳಕ್ಕೆ ಕೆಂಪು ನೀರು ಬಂದಿದೆ ಎಂದು ಸಾಹೇಬರು ನೋಡಲು ಇಳಿದಿದ್ದರು. ನಾವಿಬ್ಬರೂ ಕೇಳಿ ಹೇಳಿ ಎಲ್ಲ ಮುಗಿಸಿ ಶುರು ಮಾಡಿದೆವು. ಮುಳ್ಳು ಅರ್ಧಕ್ಕೆ ಏರಿ ನಿಂತಿತು. ನಮ್ಮವರು ಒತ್ತುತ್ತಲೇ ಇದ್ದರು, ಅದು ಏರಲೊಲ್ಲದು. ಒಂದಿಷ್ಟು ಏರುವುದು, ಮತ್ತೆ ಜಾರುವುದು.

"ಎಲ್ಲೋ ಹರದೈತಿ" ಎಂದರು, ನೂಲಿಗೆ ಹೇಳಿದ ಹಾಗೆ. ಬಲಗೈಯಲ್ಲಿ ಹಿಡಿಕೆ ಒತ್ತಿ ಹಿಡಿದು, ಎಡಗೈಯ ತೋರುಬೆರಳನ್ನು ಪೈಪಿನ ಗುಂಟ ಆಡಿಸಿದರು. ಕಣ್ಣು ಹೊರಗೆ ಮಳೆಯ ಕಡೆಗಿತ್ತು. ಪೈಪಿನ ಜೋಡಣೆಯ ಹತ್ತಿರ ಬೆರಳು ನಿಂತಿತು.

"ಸಿಕ್ತು" ಎಂದರು.

ಮರುಕ್ಷಣ "ಹಾ" ಎಂದು ಕೈ ಕೊಡವಿದರು. ಓಡಿಹೋಗಿ ನೋಡಿದೆ. ಬೆರಳ ತುದಿಯಲ್ಲಿ ಸೂಜಿ ಚುಚ್ಚಿದಷ್ಟು ಒಂದು ಚುಕ್ಕೆ. ರಕ್ತವಿಲ್ಲ. ನೋವೂ ಇಲ್ಲವೆಂದರು. ಎಣ್ಣೆ ಧೋತರಕ್ಕೆ ಒರೆಸಿಕೊಂಡು, ಒತ್ತಡ ಬಿಟ್ಟು, ಜೋಡಣೆಗೆ ಅರಿವೆ ಬಿಗಿದರು. ಸಾಹೇಬರು ಬಂದ ಮೇಲೆ ಹೇಳಬೇಕು, ಕಾಗದವಿಲ್ಲದೆ ಹುಡುಕಿದೆ ಎಂದು ಹೇಳಬೇಕು ಎಂದು ನಗುತ್ತಿದ್ದರು.

ಸಾಹೇಬರು ಮಳೆಯಲ್ಲಿ ತೊಯ್ದು ಬಂದರು. ಬಿಗಿದ ಅರಿವೆ ನೋಡಿದರು.

"ಯಾರು ಹುಡುಕಿದ್ರು? ಹ್ಯಾಂಗ?"

ನಮ್ಮವರು ಬಹುಮಾನ ಕೇಳುವವರಂತೆ ಬೆರಳು ಎತ್ತಿ ತೋರಿಸಿದರು. ಸಾಹೇಬರ ಮುಖದ ಬಣ್ಣವೇ ಹೋಯಿತು. ಅಲ್ಲೇ ಇದ್ದ ಪೆಂಟಿಗಳ ಮೇಲೆ ಕುಸಿದು ಕುಂತರು.

"ಗದಗಿನ ಬಸ್ ಹೋತೇನು?" ಎಂದು ನನ್ನನ್ನು ಕೇಳಿದರು.

"ಇನ್ನೂ ಬಂದಿಲ್ರಿ. ಯಾಕ್ರಿ?"

"ಎಣ್ಣಿ ಮ್ಯಾಲ ಹತ್ತಿಲ್ಲ ತಂಗಿ, ಒಳಗ ಹೊಕ್ಕದ. ಪೆಂಟಿ ಒಡಿಯೋ ಅಷ್ಟು ಜೋರಿಲೆ ಹೊಕ್ಕದ. ಈಗ ನೋವು ಇರೂದಿಲ್ಲ. ಸಂಜಿಗೆ ಬಾವು ಬರ್ತದ, ನಾಳೆ ಬೆರಳು ಒಳಗಿಂದನ ಸಾಯ್ತದ. ಹಿಂದ ಒಂದು ಕೆಲಸದ ಮ್ಯಾಲ ನನ್ನ ಕಣ್ಣೆದುರಿಗೆ ಒಬ್ಬಾಂವ ಹಿಂಗ ನಕ್ಕೋತ ಮನೀಗೆ ಹೋದ. ಆಮ್ಯಾಲ ಅವನ ಮುಂಗೈನ ತಗೀಬೇಕಾತು."

ನನಗೆ ನಂಬಿಕೆ ಬರಲಿಲ್ಲ, ಸುಳ್ಳೇಕೆ ಹೇಳಲಿ? ಅಷ್ಟರಲ್ಲಿ ಸುದ್ದಿ ಕೇಳಿ ಅತ್ತೆ ಔಡಲೆಣ್ಣೆ ಬಿಸಿ ಮಾಡಿ ಬಟ್ಟಲಲ್ಲಿ ಹಿಡಿದುಕೊಂಡು ಬಂದಿದ್ದರು. "ತಿಕ್ಕಿದ್ರ ಎಲ್ಲಾ ಇಳೀತೈತಿ, ತಾ ಇಲ್ಲಿ ಕೈ" ಎಂದು ಮಗನ ಬೆರಳು ಹಿಡಿಯಲು ಹೋದರು. ನಮ್ಮವರು ಬೇರೆ ಮೊಂಡು. "ಮುಳ್ಳು ಚುಚ್ಚಿದ್ದಕ್ಕ ಗದಗಿನ ದವಾಖಾನಿಗೆ ಹ್ವಾದ್ರ ಲಕ್ಕಲಕಟ್ಟಿ ಮಂದಿ ಹೊಟ್ಟಿ ಹಿಡಕೊಂಡು ನಗ್ತಾರ್ರಿ ಸಾಹೇಬ್ರ. ನಾ ಒಲ್ಲೆ."

ಆಗ ಸಾಹೇಬರು ಎದ್ದು ಬಂದರು. ಅತ್ತೆಯ ಕೈಯನ್ನು ಬದಿಗೆ ಸರಿಸಿ ನಮ್ಮವರ ಎಣ್ಣೆಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದರು. "ತಿಕ್ಕಬ್ಯಾಡ್ರವ್ವಾ, ತಿಕ್ಕಿದ್ರ ಮತ್ತಷ್ಟು ಮ್ಯಾಲ ಏರ್ತದ" ಎಂದು ಅತ್ತೆಗೆ ಕೈ ಮುಗಿಯುವವರ ಹಾಗೆ ಹೇಳಿದರು. ಅಷ್ಟು ತಿಂಗಳಲ್ಲಿ ಆ ಮನುಷ್ಯ ನಮ್ಮಲ್ಲಿ ಯಾರನ್ನೂ ಬೆರಳ ತುದಿಯಿಂದಲೂ ಮುಟ್ಟಿರಲಿಲ್ಲ. ಅವರು ಹೇಳಿದ ಯಾವ ಮಾತೂ ನನ್ನನ್ನು ನಂಬಿಸಲಿಲ್ಲ, ಆ ಮುಟ್ಟಿದ್ದು ನಂಬಿಸಿತು.

ಕೂಸನ್ನು ಅತ್ತೆಗೆ ಒಪ್ಪಿಸಿದೆ. "ನಡೀರಿ" ಎಂದೆ ನಮ್ಮವರಿಗೆ.

"ನೀ ಬ್ಯಾರೆ ಹುಚ್ಚಾದೇನು, ಬನಿ?" ನನ್ನನ್ನು ಅವರು ಕರೆಯುತ್ತಿದ್ದದ್ದು ಹಾಗೆ.

"ಹುಚ್ಚ ಆಗೇನಿ. ನೀವು ಬರದಿದ್ರ ನಾ ಒಬ್ಬಾಕಿನ ಗದಗಿಗೆ ಹೋಗಿ, ದವಾಖಾನಿ ಮುಂದ ಕುಂತು ನಿಮ್ಮ ಬೆರಳಿನ ಹೆಸರಿಲೆ ಅತ್ತು ಬರ್ತೀನಿ. ನಗೋರು ಅದಕ್ಕೂ ನಗಲಿ."

ಅವರಿಗೆ ನಗು ಬಂತು, ನಗುತ್ತಲೇ ಬಸ್ಸು ಹತ್ತಿದರು. ಸಾಹೇಬರೂ ಹತ್ತಿದರು, ಒದ್ದೆ ಕೋಟಿನಲ್ಲೇ. ನಮ್ಮವರ ಪಕ್ಕ ಕುಂತು ಆ ಕೈಯನ್ನು ಕೆಳಗೆ ಬಿಡಲು ಕೊಡದೆ ತಮ್ಮ ಹೆಗಲ ಮೇಲೆ ಎತ್ತಿ ಹಿಡಿದರು. ರೋಣ ದಾಟುವವರೆಗೂ ನಮ್ಮವರು ಏನೇನೋ ಚೇಷ್ಟೆ ಮಾಡುತ್ತಿದ್ದರು. ಆಮೇಲೆ ಮಾತು ಕಡಿಮೆಯಾಯಿತು. ಅಬ್ಬಿಗೇರಿಯ ಹತ್ತಿರ ಬಸ್ಸು ಎರೆಯಲ್ಲಿ ಹೂತುಕೊಂಡಿತು.

ಕಂಡಕ್ಟರ್ "ಎಲ್ಲಾರೂ ಇಳೀರಿ, ನೂಕಬೇಕು" ಎಂದು ಕೂಗಿದ. ಎಲ್ಲರೂ ಇಳಿದರು. ಸಾಹೇಬರು ಮಾತ್ರ ಆ ಕೈ ಹಿಡಿದುಕೊಂಡು ಕುಂತೇ ಇದ್ದರು. ನಾನು ಸೀರೆ ಕಚ್ಚೆ ಹಾಕಿ ಗಂಡಸರ ಜೊತೆ ನೂಕಲು ನಿಂತೆ. ಚಕ್ರ ತಿರುಗಿ ತಿರುಗಿ ನಮ್ಮ ಮೈಗೆಲ್ಲ ಕೆಸರು ಎರಚಿತೇ ಹೊರತು ಬಸ್ಸು ಮಿಸುಕಲಿಲ್ಲ. ಹೊಲದ ಬದುವಿನ ಮೇಲೆ ಎತ್ತು ಹೊಡೆದುಕೊಂಡು ಹೊರಟಿದ್ದ ಅಬ್ಬಿಗೇರಿಯ ಗೌಡರೊಬ್ಬರು ನಿಂತು ನೋಡಿದರು. ನಾನು ಓಡಿದೆ.

"ಅಣ್ಣಾರ, ನಮ್ಮ ಮನೆಯವರ ಬೆರಳು ಹೋಗ್ತೈತ್ರಿ. ನೇಕಾರರು ನಾವು. ಎತ್ತು ಹೂಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಅವರು ಏನು ಎತ್ತ ಎಂದು ಕೇಳಲಿಲ್ಲ. "ಕಾಲಿಗೆ ಯಾಕ ಬೀಳ್ತಿಯವ್ವಾ, ಹಗ್ಗ ಹಿಡಿ" ಎಂದರು. ಎತ್ತು ಎಳೆದವು, ಮಂದಿ ನೂಕಿದರು, ಬಸ್ಸು ಮೇಲೆದ್ದಿತು. ನಾನು ಹತ್ತಿ ನೋಡುವಷ್ಟರಲ್ಲಿ ಬೆರಳು ಹಸಿ ಬದನೆಕಾಯಿಯ ಹಾಗೆ ಬಾತು ಬಣ್ಣ ತಿರುಗಿತ್ತು. ನಮ್ಮವರ ಹಣೆಯ ಮೇಲೆ ಬೆವರು ಮೂಡಿತ್ತು. ನನ್ನ ಕಡೆ ನೋಡಿ, "ಬನಿ, ಮಗ್ಗ..." ಎಂದರು.

ಗದಗಿನ ಡಾಕ್ಟರು ವಯಸ್ಸಾದವರು. ಸಾಹೇಬರು ಹೇಳಿದ್ದನ್ನೆಲ್ಲ ಕೇಳಿ, "ಒತ್ತಡ ಎಷ್ಟಿತ್ರಿ?" ಎಂದು ಒಂದೇ ಪ್ರಶ್ನೆ ಕೇಳಿದರು. ಉತ್ತರ ಕೇಳಿದವರೇ ನಮ್ಮವರನ್ನು ಒಳಗೆ ಕರೆದೊಯ್ದರು. ಬೆರಳನ್ನು ತುದಿಯಿಂದ ಅಂಗೈವರೆಗೆ ಸೀಳಿ, ಒಳಗಿನ ಎಣ್ಣೆಯನ್ನೆಲ್ಲ ತೊಳೆದು ತೆಗೆಯಬೇಕಾಯಿತಂತೆ. ನಾವು ಹೊರಗೆ ಪಡಸಾಲೆಯಲ್ಲಿ ಕುಂತಿದ್ದೆವು. ನಾನು ಅಳುತ್ತಿದ್ದೆ. ಸಾಹೇಬರು ಹೇಳಿದರು:

"ನೀವೆಲ್ಲಾ ಅದನ್ನ ನನ್ನ ಮಡಿ ಅಂತ ತಿಳಕೊಂಡಿದ್ರಿ. ಹೌದಿಲ್ಲೋ?"

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

"ನಿಮ್ಮದೇನು ತಪ್ಪಿಲ್ಲ ತಂಗಿ. ಎಲ್ಲಾದಕ್ಕೂ ಮುಟ್ಟಬ್ಯಾಡ್ರಿ ಅಂತ ಒದರಿದೆ. ಯಾಕ ಅಂತ ಒಂದಕ್ಕೂ ಹೇಳಲಿಲ್ಲ. ಜೀವ ತಗಿಯೋದು ಯಾವುದು, ನನ್ನ ಮನಸ್ಸಿನ ಸಮಾಧಾನದ್ದು ಯಾವುದು, ಹ್ಯಾಂಗ ತಿಳೀಬೇಕು ನಿಮಗ?"

ಬೆರಳು ಉಳಿಯಿತು. ತಡ ಮಾಡಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದಾಗ ನಾನು ಅಲ್ಲೇ ನೆಲಕ್ಕೆ ಹಣೆ ಹಚ್ಚಿದೆ. ಗಾಯ ಮಾಯಲು ಮಾತ್ರ ಬಹಳ ಕಾಲ ಹಿಡಿಯಿತು. ನಾವು ಕ್ಯಾಂಪಿಗೆ ತಿರುಗಿ ಬಂದಾಗ ಮಹಾನವಮಿ ಬಂದಿತ್ತು. ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ ಮಷೀನಿಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ ಎಲ್ಲರೂ ಸೇರಿದ್ದೆವು. ಸಾಹೇಬರು ತಮ್ಮ ನೀರಿನ ಕೊಡವನ್ನು ತಾವೇ ಎತ್ತಿ ತಂದು ಶೆಡ್ಡಿನ ಬಾಗಿಲಲ್ಲಿಟ್ಟರು. "ಇವತ್ತಿನಿಂದ ಇದನ್ನ ಯಾರು ಬೇಕಾದವರು ಮುಟ್ಟಿ ನೀರು ಕುಡೀರಿ. ಈ ಕ್ಯಾಂಪಿನಾಗ ಮುಟ್ಟಬಾರದ್ದು ಇನ್ನ ಒಂದ ಒಂದು" ಎಂದು ಪೈಪು ತೋರಿಸಿದರು. ಮಂದಿ ಅಳುಕುತ್ತ ನಿಂತರು. ನಮ್ಮ ಅತ್ತೆ, ಯಾರಿಗೂ ಹೆದರುವವರಲ್ಲ, ಮುಂದೆ ಹೋಗಿ ಮೊದಲ ತಂಬಿಗೆ ಬಗ್ಗಿಸಿಕೊಂಡು ಕುಡಿದರು. ಅಂದಿನಿಂದ ಪೈಪಿನ ಹತ್ತಿರ ಒಂದು ಗಟ್ಟಿ ಕಾಗದ ದಾರದಲ್ಲಿ ತೂಗಾಡುತ್ತಿತ್ತು. ಹೊಸದಾಗಿ ಬಂದವರಿಗೆ ನಮ್ಮವರು ಕಾಗದವನ್ನೂ ತೋರಿಸುತ್ತಿದ್ದರು, ಸೀಳಿದ ಬೆರಳನ್ನೂ ತೋರಿಸುತ್ತಿದ್ದರು.

ಛಳಿ ಬೀಳುವಾಗ ನೂಲು ಬಂತೆಂದು ಊರಿನಿಂದ ಸುದ್ದಿ ಬಂತು. ಮಷೀನು ನರಗುಂದದ ಕಡೆಯ ಕೆಲಸಕ್ಕೆ ಹೋಗುವುದಿತ್ತು. "ನೀನೂ ಬಾ ವೀರಣ್ಣಾ, ನಿನ್ನ ಕಾಯಂ ಮಾಡಸ್ತೇನಿ" ಎಂದು ಸಾಹೇಬರು ಕರೆದರು. ನಮ್ಮವರು ಬೆರಳನ್ನೊಮ್ಮೆ ಮಡಿಚಿ ಬಿಚ್ಚಿ, "ಮಗ್ಗದಾಗ ಒಮ್ಮೆ ಕುಂತು ನೋಡ್ತೀನ್ರಿ" ಎಂದರು.

ಮನೆಗೆ ಬಂದು ಕುಣಿಯ ಕಸ ಗುಡಿಸಿ, ಹಾಸು ಏರಿಸಿ ಕುಂತರು. ಲಾಳಿ ಓಡಿತು. ನಾನು ಪಡಸಾಲೆಯಲ್ಲಿ ಕಂಡಿಕೆ ಸುತ್ತುತ್ತ, ಕಿವಿ ಮಾತ್ರ ಅಲ್ಲೇ ಇಟ್ಟಿದ್ದೆ. ಒಂದು ಹೊತ್ತಿಗೆ ಸಪ್ಪಳ ನಿಂತಿತು. ಎಳೆ ಹರಿದಿದೆ ಎಂದು ತಿಳಿಯಿತು. "ಸಿಕ್ತು" ಎನ್ನುವುದಕ್ಕೆ ಕಾದೆ. ಎನ್ನಲಿಲ್ಲ. ಇಣುಕಿ ನೋಡಿದರೆ ಆ ಬೆರಳು ಹಾಸಿನ ಮೇಲೆ ಹೋಗುತ್ತಿತ್ತು, ಬರುತ್ತಿತ್ತು, ಎಲ್ಲೂ ನಿಲ್ಲುತ್ತಿರಲಿಲ್ಲ. ಬೆರಳು ಉಳಿದಿತ್ತು, ಅದರ ಅರಿವು ಹೋಗಿತ್ತು. ಕಣ್ಣು ಮುಚ್ಚಿ ಇನ್ನೊಮ್ಮೆ ಆಡಿಸಿದರು. ಬೇರೆ ಬೆರಳಿನಿಂದ ಆಡಿಸಿದರು. ಆಮೇಲೆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಂತುಬಿಟ್ಟರು. ನರಗುಂದಕ್ಕೆ ಹೋಗೋಣ ನಡೀರಿ ಎನ್ನಲು ಬಾಯಿ ತೆರೆದೆ.

"ಬನಿ" ಎಂದು ಅವರೇ ಕರೆದರು. "ಬಾ ಇಲ್ಲಿ. ಎಲ್ಲಿ ಹರದೈತಿ ನೋಡು."

ಮದುವೆಯಾದಂದಿನಿಂದ ಮುಟ್ಟದ ಮಗ್ಗ. ಕುಣಿಯಲ್ಲಿ ಅವರ ಪಕ್ಕಕ್ಕೆ ಇಳಿದು ಕುಂತೆ. ಹಾಸಿನ ಮೇಲೆ ಬೆರಳಿಟ್ಟು ಮೆಲ್ಲಗೆ ಸರಿಸುತ್ತ ಹೋದೆ.

"ಸಿಮಿಟಿನಾಗ ಕೈ ಹಾಕಿ ಹಾಕಿ ನಿನ್ನ ಬೆರಳು ಒರಟಾಗ್ಯಾವು" ಎಂದು ಗೊಣಗಿದರು. "ಇನ್ನೊಂದು ಎಳಿ ಹರೀತಿ ನೋಡ."

"ಹರದ್ರ ಅದನ್ನೂ ಹುಡುಕ್ತೀನಿ" ಎಂದೆ. "ನೀವು ಗಂಟು ಹಾಕ್ರಿ."